ರೊಬಸ್ಟಾ ಕಾಫಿ ಹೂವಿಗೆ ಜೇನು ಬಂದರೆ ಸಾಲದು, ಗಿಡ ದಾಟಬೇಕು: ತೋಟದಲ್ಲೇ ನೋಡಿ ತಿಳಿಯುವ ಕ್ರಮ

ಅರೇಬಿಕಾ ಕಾಫಿ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟಿಕೊಳ್ಳುತ್ತದೆ. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು. ಗಾಳಿ ಒಂದಿಷ್ಟು ಹೊತ್ತು ತರುತ್ತದೆ, ಉಳಿದ ಕೆಲಸ ಜೇನಿನದು. ಹೂಮಳೆ (ಮೊಗ್ಗು ಅರಳಿಸುವ ಬೇಸಿಗೆ ಮಳೆ) ಬಿದ್ದು ಅಥವಾ ಸ್ಪ್ರಿಂಕ್ಲರ್ ಹೊಡೆದು ಏಳೆಂಟು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಆ ಹೂವಿನ ಆಯಸ್ಸು ಎರಡು ಮೂರು ದಿನ ಮಾತ್ರ. ಸಿದ್ದಾಪುರ, ವಿರಾಜಪೇಟೆ ಕಡೆಯ ರೊಬಸ್ಟಾ ತೋಟಗಳಲ್ಲಿ ವರ್ಷದ ಫಸಲು ಈ ಎರಡು ಮೂರು ದಿನದ ಮೇಲೆ ನಿಂತಿರುತ್ತದೆ. ಅಷ್ಟರೊಳಗೆ ಜೇನು ಏನು ಮಾಡುತ್ತಿದೆ ಎಂದು ಕಣ್ಣಾರೆ ನೋಡಿಕೊಳ್ಳಬೇಕು.

ಜೇನು ಹೂವನ್ನು ಆರಿಸುವುದು ಲೆಕ್ಕಾಚಾರದಿಂದ. ದೂರದಿಂದ ಕರೆಯುವುದು ಪರಿಮಳ ಮತ್ತು ಬಣ್ಣ. ನೀಲಿ, ಹಸಿರು, ನಮಗೆ ಕಾಣದ ಅತಿನೇರಳೆ ಅದಕ್ಕೆ ಚೆನ್ನಾಗಿ ಕಾಣುತ್ತವೆ; ಕೆಂಪು ಬಣ್ಣವಾಗಿ ಕಾಣುವುದಿಲ್ಲ. ಹಾಲುವಾಣದ ಕೆಂಪು ಹೂವಿನ ಮೇಲೆ ಸೂರಕ್ಕಿಗಳ ಗಲಾಟೆ ಹೆಚ್ಚಿರುವುದು ಸುಮ್ಮನೆ ಅಲ್ಲ. ಆದರೆ ಒಮ್ಮೆ ಬಂದ ಜೇನು ಮತ್ತೆ ಬರುವುದು ಮಕರಂದದ ಸಿಹಿ ಎಷ್ಟು, ಗೂಡಿನಿಂದ ದೂರ ಎಷ್ಟು ಎಂಬುದರ ಮೇಲೆ. ಲಾಭ ಕಂಡರೆ ಗೂಡಿಗೆ ಹೋಗಿ ಕುಣಿದು ದಿಕ್ಕು, ದೂರ ತಿಳಿಸುತ್ತದೆ. ಈ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು. ಕಾಫಿಗೆ ಇನ್ನೊಂದು ಅನುಕೂಲವಿದೆ: ಅದರ ಮಕರಂದದಲ್ಲಿ ಅತಿ ಸಣ್ಣ ಪ್ರಮಾಣದ ಕೆಫೀನ್ ಇರುತ್ತದೆ. ಕೆಫೀನ್ ಬೆರೆತ ಸಿಹಿ ಕುಡಿದ ಜೇನು ಆ ಪರಿಮಳವನ್ನು ಹೆಚ್ಚು ಕಾಲ ನೆನಪಿಟ್ಟುಕೊಳ್ಳುತ್ತದೆ ಎಂದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು.

ಹೂವೇ "ನನ್ನಲ್ಲಿ ಇದೆ, ಇಲ್ಲ" ಎಂದು ಹೇಳುವುದನ್ನು ನೋಡಬೇಕಾದರೆ ಬೇಲಿಯ ಲಂಟಾನದ ಮುಂದೆ ಹತ್ತು ನಿಮಿಷ ನಿಲ್ಲಿ. ಗೊಂಚಲಿನ ನಡುವಿನ ಹಳದಿ ಹೂಗಳು ಹೊಸವು, ಮಕರಂದ ಇರುವುದು ಅವುಗಳಲ್ಲಿ. ಅಂಚಿಗೆ ಸರಿದು ಗುಲಾಬಿ, ಕೆಂಪು ಬಣ್ಣಕ್ಕೆ ತಿರುಗಿದವು ಖಾಲಿ. ಪಳಗಿದ ಚಿಟ್ಟೆ ಹೀರುಗೊಳವೆಯನ್ನು ಹಳದಿಗೇ ಇಳಿಸುತ್ತದೆ. ಹಳೆಯ ಹೂ ಗೊಂಚಲನ್ನು ದೊಡ್ಡದಾಗಿ ತೋರಿಸಲು ಮಾತ್ರ.

ಎಣಿಸುವ ಕ್ರಮ

ಹೂ ಅರಳಿದ ಮೊದಲ ದಿನ, ಬೆಳಿಗ್ಗೆ 8ರಿಂದ 11ರೊಳಗೆ, ಬಿಸಿಲು ಬಿದ್ದ ಮೇಲೆ ಶುರುಮಾಡಿ. ತೋಟದ ಅಂಚಿನಲ್ಲಿ ಐದು, ಒಳಗೆ ಐದು ಗಿಡ ಆರಿಸಿ, ಪ್ರತಿಯೊಂದರಲ್ಲಿ ಒಂದು ರೆಕ್ಕೆಗೆ (ಅಡ್ಡಕೊಂಬೆಗೆ) ಬಣ್ಣದ ದಾರ ಕಟ್ಟಿ. ಆ ರೆಕ್ಕೆಯ ಅರಳಿದ ಹೂ ಎಣಿಸಿಟ್ಟುಕೊಂಡು, ಎರಡು ಮಾರು ದೂರ ನಿಂತು ಹತ್ತು ನಿಮಿಷ ನೋಡಿ. ಹೆಜ್ಜೇನು, ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ಜೇನು), ಕೋಲುಜೇನು, ಮುಜಂಟಿ (ಕುಟುಕದ ಸಣ್ಣ ಜೇನು) ಪ್ರತಿಯೊಂದಕ್ಕೂ ಬೇರೆ ಗೆರೆ ಹಾಕಿ. ಕೊನೆಗೆ ನೂರು ಹೂವಿಗೆ ಎಷ್ಟು ಭೇಟಿ ಎಂದು ಲೆಕ್ಕ ಮಾಡಿ. ಇಡೀ ಊರಿನ ತೋಟ ಒಂದೇ ದಿನ ಅರಳಿದಾಗ ಇರುವ ಜೇನೆಲ್ಲ ಹರಡಿಹೋಗುತ್ತದೆ. ಆ ದಿನ ಭೇಟಿ ಕಡಿಮೆ ಕಂಡರೆ ಜೇನೇ ಇಲ್ಲವೆಂದು ಮೋಸಹೋಗಬೇಡಿ.

ಆಮೇಲಿನ ಕೆಲಸವೇ ಮುಖ್ಯ. ಒಂದೇ ಒಂದು ಜೇನನ್ನು ಆರಿಸಿಕೊಂಡು ಅದರ ಹಿಂದೆ ಕಣ್ಣು ಓಡಿಸಿ: ಒಂದು ಗಿಡದಲ್ಲಿ ಎಷ್ಟು ಹೂ ಮುಟ್ಟಿತು, ಎಷ್ಟು ಹೊತ್ತಿಗೆ ಪಕ್ಕದ ಗಿಡಕ್ಕೆ ಹಾರಿತು? ಹತ್ತಿರದಿಂದ ನೋಡಿದರೆ, ಕೆಲವು ಹೂವಿನ ಬಳಿ ಅದು ಒಂದು ಕ್ಷಣ ತೇಲಿ, ಕೂರದೆಯೇ ಹಿಂದೆ ಸರಿಯುತ್ತದೆ. ಸ್ವಲ್ಪ ಮುಂಚೆ ಬೇರೊಂದು ಜೇನು ಬಂದು ಹೋದ ವಾಸನೆ ಅಲ್ಲಿ ಉಳಿದಿರುತ್ತದೆ, ಅಂದರೆ ಹೂ ಬರಿದು. ಇಂಥ ಹೂ ಹೆಚ್ಚಾದಂತೆ ಜೇನು ಗಿಡ ಬಿಟ್ಟು ಮುಂದಕ್ಕೆ ಹೋಗುತ್ತದೆ. ರೊಬಸ್ಟಾಗೆ ಬೇಕಿರುವುದು ಇದೇ. ತುಂಬಿದ ಗಿಡದಲ್ಲೇ ಸುತ್ತುವ ಜೇನು ಅದರ ಪರಾಗವನ್ನೇ ಅದಕ್ಕೆ ಬಳಿಯುತ್ತದೆ, ಕಾಯಿ ಕಟ್ಟುವುದಿಲ್ಲ. ಒಂದೇ ಕ್ಲೋನನ್ನು (ಒಂದೇ ತಾಯಿಗಿಡದ ಕಡ್ಡಿಯಿಂದ ಬೆಳೆಸಿದ ಗಿಡಗಳನ್ನು) ಸಾಲುಸಾಲು ನೆಟ್ಟಿದ್ದರೂ ಅದೇ ಗತಿ, ಏಕೆಂದರೆ ಆ ಗಿಡಗಳೆಲ್ಲ ಒಂದೇ ಗಿಡ ಇದ್ದಂತೆ. ಹೊಸದಾಗಿ ನೆಡುವವರು ಎರಡು ಮೂರು ಕ್ಲೋನ್‌ಗಳನ್ನು ಸಾಲು ಬಿಟ್ಟು ಸಾಲು ಬೆರೆಸಲೇಬೇಕು.

ಪರದೆ ಕಟ್ಟಿ ನೋಡುವುದು

ಜೇನಿನ ಪಾಲು ಎಷ್ಟೆಂದು ತಿಳಿಯಲು, ಮೊಗ್ಗು ಬಿರಿಯುವ ಹಿಂದಿನ ದಿನ ಪ್ರತಿ ಗಿಡದಲ್ಲೂ ಇನ್ನೊಂದು ರೆಕ್ಕೆಯ ಮೊಗ್ಗು ಎಣಿಸಿ ಬರೆದಿಟ್ಟು, ಅದಕ್ಕೆ ಸೊಳ್ಳೆಪರದೆ ಬಟ್ಟೆಯ ಚೀಲ ಕಟ್ಟಿ. ಅದರಲ್ಲಿ ಗಾಳಿಯ ಪರಾಗ ನುಗ್ಗುತ್ತದೆ, ಹೆಜ್ಜೇನು ತುಡುವೆ ನುಗ್ಗುವುದಿಲ್ಲ. ಬಟ್ಟೆ ಹೂವಿಗೆ ತಾಗದಂತೆ ಒಳಗೆ ತಂತಿಯ ಬಳೆ ಇಡಿ. ತಾಗಿದರೆ ಜೇನು ಹೊರಗಿನಿಂದಲೇ ನಾಲಗೆ ಹಾಕುತ್ತದೆ. ಹೂ ಬಾಡಿದ ಕೂಡಲೇ ಚೀಲ ಬಿಚ್ಚಿ, ಬಿಟ್ಟರೆ ತೇವ ಕಟ್ಟಿ ಕಾಯಿ ಕೊಳೆಯುತ್ತದೆ. ಎರಡು ತಿಂಗಳಾದ ಮೇಲೆ ಪರದೆ ಕಟ್ಟಿದ, ಕಟ್ಟದ ರೆಕ್ಕೆಗಳ ಕಾಯಿ ಎಣಿಸಿ, ಬರೆದಿಟ್ಟ ಹೂವಿನ ಸಂಖ್ಯೆಗೆ ಹೋಲಿಸಿ. ಹೂವಿನ ದಿನ ಮಳೆ ಸುರಿದಿದ್ದರೆ ಈ ಲೆಕ್ಕವನ್ನು ನಂಬಬೇಡಿ, ಪರಾಗವೇ ತೊಳೆದುಹೋಗಿರುತ್ತದೆ.

ಜೇನುಪೆಟ್ಟಿಗೆ ತರುವ ಹೊತ್ತು

ಹೂವಿಗೆ ವಾರ ಮುಂಚೆಯೇ ಪೆಟ್ಟಿಗೆ ತಂದಿಡುವುದು ತಪ್ಪು. ತುಡುವೆ ಆ ವಾರದಲ್ಲಿ ಪಕ್ಕದ ನೇರಳೆಯನ್ನೋ ಕಾಡುಹೂವನ್ನೋ ಹಿಡಿದುಬಿಡುತ್ತದೆ. ಒಮ್ಮೆ ಹಿಡಿದ ಹೂವನ್ನು ಲಾಭ ತೀರುವವರೆಗೆ ಬಿಡುವುದಿಲ್ಲ. ಮೊದಲ ಹೂಗಳು ಬಿರಿದ ಸಂಜೆ, ಕತ್ತಲಾದ ಮೇಲೆ ಬಾಗಿಲು ಮುಚ್ಚಿ ಸಾಗಿಸಿ. ಹಳೆಯ ಜಾಗ ತೀರಾ ಹತ್ತಿರವಿದ್ದರೆ ಜೇನು ಮರಳಿ ಅಲ್ಲಿಗೇ ಹಾರುತ್ತದೆ, ಆದ್ದರಿಂದ ಮೂರು ಕಿಲೋಮೀಟರಿಗಿಂತ ಆಚೆಯಿಂದ ತನ್ನಿ. ಪೆಟ್ಟಿಗೆಗಳನ್ನು ಒಂದೇ ಕಡೆ ಗುಡ್ಡೆ ಹಾಕದೆ ಹಂಚಿ ಇಡಿ, ಇರುವೆ ಹತ್ತದಂತೆ ಕಾಲಿಗೆ ನೀರಿನ ಬಟ್ಟಲು ಕೊಡಿ.

ನೇರಳೆ ಹೂವು ಜೇನನ್ನು ಕದಿಯುತ್ತದೆಂದು ಮರ ಕಡಿಯುವವರಿದ್ದಾರೆ. ದಯವಿಟ್ಟು ಬೇಡ. ಕಾಫಿ ಜೇನಿಗೆ ಊಟ ಹಾಕುವುದು ವರ್ಷದಲ್ಲಿ ಕೆಲವೇ ದಿನ, ಮಿಕ್ಕ ತಿಂಗಳು ಅದನ್ನು ಬದುಕಿಸುವುದು ನೆರಳಿನ ಮರಗಳೇ. ಹೆಜ್ಜೇನು ಕಟ್ಟಿದ ಜೇನುಮರಕ್ಕೆ ಹೂ ಮುಗಿಯುವವರೆಗೆ ಹೊಗೆ ಹಾಕಿಸಬೇಡಿ. ಕೀಟನಾಶಕ ಹೊಡೆಯುವುದಿದ್ದರೆ ಹೂ ಬಾಡಿ ಉದುರಿದ ಮೇಲೆ, ಸಂಜೆ ಜೇನು ಗೂಡು ಸೇರಿದ ಹೊತ್ತಿಗೆ ಹೊಡೆಯಿರಿ.