ಬಸ್ ಸೀಟಿನ ಕರ್ಚೀಫು, ಐದು ಚೌಕ: ಪದಬಂಧದಲ್ಲಿ ಪವರ್‌ಪಾಯಿಂಟ್ ಕಲಿಸಿದ ನನ್ನ ಅನುಭವ

ಸ್ಲೈಡ್ ಮಾಡಿ ತೋರಿಸುವ ಸಾಫ್ಟ್‌ವೇರ್ ಪವರ್‌ಪಾಯಿಂಟ್ ಅನ್ನು ನಾನು ಕಲಿಸುತ್ತೇನೆ. ಕಳೆದ ತಿಂಗಳು ಮುಗಿದ ಬ್ಯಾಚಿನಲ್ಲಿ 14 ಜನ ಇದ್ದರು. ಕೊನೆಯ ದಿನ ಅದರಲ್ಲಿ ಬರುವ 40 ಪದ ಕೇಳಿದೆ. ಬಾಯಲ್ಲಿ ಅರ್ಥ ಹೇಳಿದರೆ ಸಾಲದು, ಪರದೆಯಲ್ಲಿ ಅದು ಎಲ್ಲಿದೆ ಅಂತ ಮೌಸ್ ಇಟ್ಟು ತೋರಿಸಬೇಕು. 11 ಜನ ಮೂವತ್ತಕ್ಕಿಂತ ಜಾಸ್ತಿ ತೋರಿಸಿದರು. ಎರಡು ವರ್ಷದ ಹಿಂದೆ ಇದೇ ಪರೀಕ್ಷೆಯಲ್ಲಿ ಹನ್ನೆರಡು ದಾಟಿದವರೇ ಕಡಿಮೆ. "ಕಂಪ್ಯೂಟರ್ ಕ್ಲಾಸಿಗೆ ಕಳಿಸಿದರೆ ಪೇಪರ್ ಮೇಲೆ ಆಟ ಆಡಿಸ್ತೀರಲ್ಲ" ಅಂತ ಕೇಳಿದ ಪೋಷಕರೊಬ್ಬರು ಈಗ ತಮ್ಮ ಎರಡನೇ ಮಗಳನ್ನೂ ಸೇರಿಸಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕ್ಲಾಸು ಇರುವುದು ಬೆಂಗಳೂರಿನ ಸುಂಕದಕಟ್ಟೆಯಲ್ಲಿ. ಎಸ್.ಪಿ. ರಸ್ತೆಯಿಂದ ತಂದ ಐದು ಹಳೇ ಕಂಪ್ಯೂಟರು, ಒಂದಕ್ಕೆ ಸುಮಾರು 8,000 ಬಿತ್ತು. ಸಂಜೆ ಬರುವವರು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹುಡುಗಿಯರು, ಪಿಯುಸಿ ಮಕ್ಕಳು, ಆಫೀಸಿನಲ್ಲಿ ಸಹಾಯಕರಾಗಿರುವವರು. ಎಲ್ಲರೂ ಕನ್ನಡ ಮಾಧ್ಯಮ. ಅವರಿಗೆ ಕೈಕೆಲಸ ಕಷ್ಟವಾಗುತ್ತಿರಲಿಲ್ಲ. ನಾನು ಹೇಳುವ ಪದವೇ ಕಿವಿಗೆ ಹೊಸದು. "ಪ್ಲೇಸ್‌ಹೋಲ್ಡರ್ ಮೇಲೆ ಕ್ಲಿಕ್ ಮಾಡಿ" (ಸ್ಲೈಡಿನಲ್ಲಿ ಬರಹಕ್ಕೋ ಚಿತ್ರಕ್ಕೋ ಜಾಗ ಹಿಡಿದಿಟ್ಟ ಖಾಲಿ ಚೌಕಟ್ಟು ಅದು) ಅಂದರೆ ಐದು ಕಂಪ್ಯೂಟರಿನ ಮುಂದೆಯೂ ಎಲ್ಲರೂ ಸುಮ್ನೆ ಕೂತಿರುತ್ತಿದ್ದರು.

ಮೊದಲು ಪಟ್ಟಿ ಕೊಟ್ಟೆ. 60 ಪದ, ಎದುರಿಗೆ ಅರ್ಥ. ಯಾರೂ ಓದಲಿಲ್ಲ. ಆಮೇಲೆ ಇಂಗ್ಲಿಷ್ ಅಕ್ಷರಗಳ ನಡುವೆ ಪದ ಹುಡುಕುವ ಆಟ ಕೊಟ್ಟೆ. ಖುಷಿಯಿಂದ ಹುಡುಕಿದರು, ಸುತ್ತು ಹಾಕಿದರು. ಅರ್ಥ ಮಾತ್ರ ಒಂದೂ ಗೊತ್ತಿರಲಿಲ್ಲ. ಅಕ್ಷರದ ಆಕಾರ ಹುಡುಕಲು ಅರ್ಥ ಬೇಕಿಲ್ಲ, ಅಲ್ವಾ?

ಕನ್ನಡ ಪದಬಂಧವೇ ಸರಿ ಎಂದುಕೊಂಡು ಪದಬಂಧ ತಯಾರಿಸುವ ಒಂದು ಆನ್‌ಲೈನ್ ಸೇವೆಗೆ ವರ್ಷಕ್ಕೆ 1,500 ರೂಪಾಯಿ ಕಟ್ಟಿದೆ. ಅದು 'ಸ್ಲೈಡ್' ಪದಕ್ಕೆ ಆರು ಚೌಕ ಕೊಟ್ಟಿತು! ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಪದ್ಧತಿಯ ಲೆಕ್ಕದಲ್ಲಿ ಅದು ಸರಿಯೇ: ಸ, ಹಲಂತ, ಲ, ಐತ್ವ, ಡ, ಮತ್ತೆ ಹಲಂತ. ಆದರೆ ಪೇಪರಿನಲ್ಲಿ ಪದಬಂಧ ತುಂಬುವ ಯಾರಿಗಾದರೂ ಅದು ಎರಡೇ ಚೌಕ, 'ಸ್ಲೈ' ಮತ್ತು 'ಡ್'. ಒತ್ತು, ಗುಣಿತ ಎಲ್ಲ ಸೇರಿ ಒಂದು ಚೌಕಕ್ಕೆ ಒಂದು ಅಕ್ಷರ. ಆ 1,500 ಹೋಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಪುಸ್ತಕದ್ದು. ಕೈಯಲ್ಲೇ 20 ಪದಬಂಧ ಬರೆದು ಚಾಮರಾಜಪೇಟೆಯ ಒಂದು ಪ್ರೆಸ್ಸಿಗೆ ಕೊಟ್ಟೆ. 100 ಪ್ರತಿ, ಹೆಚ್ಚುಕಡಿಮೆ 7,000. ಅವರು ಯೂನಿಕೋಡಿನಿಂದ ತಮ್ಮ ಹಳೇ ಫಾಂಟಿಗೆ ಬದಲಾಯಿಸುವಾಗ 'ಆ್ಯ' ಇದ್ದ ಕಡೆಯೆಲ್ಲ ಚೂರಾಯಿತು. ಆ್ಯನಿಮೇಷನ್ ಬಗ್ಗೆ ಇದ್ದ ಪುಟಗಳನ್ನು ಓದಲೇ ಆಗುತ್ತಿರಲಿಲ್ಲ. ಪ್ರೂಫ್ ನೋಡಿದ್ದು ಬದಲಾಯಿಸುವ ಮುಂಚೆ, ಆದ್ದರಿಂದ ಅವರು ಜವಾಬ್ದಾರಿ ತೆಗೆದುಕೊಳ್ಳಲಿಲ್ಲ. ಆ ಪ್ರತಿಗಳು ಇನ್ನೂ ಅಟ್ಟದ ಮೇಲಿವೆ.

ಅಲ್ಲಿಂದ ಪವರ್‌ಪಾಯಿಂಟ್‌ನಲ್ಲೇ ಪದಬಂಧ ಮಾಡಲು ಶುರು ಮಾಡಿದೆ. ಟೇಬಲ್ ಹಾಕಿ ಚೌಕ ಸಮ ಮಾಡುವುದು ನಿಮಗೆಲ್ಲ ಗೊತ್ತು. ಕನ್ನಡಕ್ಕೆ ಬೇಕಾದ ಒಂದು ವಿಷಯ ಮಾತ್ರ ಹೇಳುತ್ತೇನೆ: ಉತ್ತರದ ಹಾಳೆಯಲ್ಲಿ 'ಸ್ಟ', 'ಲ್ಡ' ಬಂದರೆ ಒತ್ತಕ್ಷರ ಕೆಳಗೆ ಜಾಗ ಕೇಳುತ್ತದೆ, ಸಾಲು ತಾನೇ ಉದ್ದವಾಗುತ್ತದೆ. ಚೌಕದೊಳಗಿನ ಮಾರ್ಜಿನ್ ಪೂರ್ತಿ ಸೊನ್ನೆ ಮಾಡಿ, ಫಾಂಟ್ ಎರಡು ಪಾಯಿಂಟ್ ಇಳಿಸಿ. ಪ್ರಿಂಟ್ ಮಾಡುವಾಗ ಹ್ಯಾಂಡ್‌ಔಟ್ ಆರಿಸಿ ಒಂದು ಹಾಳೆಗೆ ಎರಡು ಸ್ಲೈಡ್ ಹಾಕುತ್ತೇನೆ. ಝೆರಾಕ್ಸ್ ಖರ್ಚು ಅರ್ಧಕ್ಕೆ ಇಳಿಯಿತು. 'ಹ್ಯಾಂಡ್‌ಔಟ್' ಅಂದರೇನು ಅಂತ ಕೇಳಿದರೆ ಕೈಯಲ್ಲಿರುವ ಹಾಳೆಯನ್ನೇ ತೋರಿಸುತ್ತಾರೆ.

ಚೌಕ ಕೂಡಿಸುವುದೇ ನಿಜವಾದ ತಲೆನೋವು. ನಮ್ಮ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಆದರೆ ಇವು ಮಾಸ್ಟರ್, ಫುಟರ್, ಲೇಔಟ್, ಟೆಂಪ್ಲೇಟ್. ಕೊನೆಯ ಚೌಕ ಯಾವಾಗಲೂ ಅರ್ಧಾಕ್ಷರ. 'ರ್' ಇಂದ ಶುರುವಾಗುವ ಪದ ಎಲ್ಲಿಂದ ತರುವುದು? ಮೂರು ವಾರ ಇದರಲ್ಲೇ ಕಳೆದೆ. 'ಸ್ಲೈಡು', 'ಥೀಮು' ಅಂತ ಮನೆಮಾತಿನ ಹಾಗೆ ಉಕಾರ ಸೇರಿಸಿಯೂ ನೋಡಿದೆ, ಚೌಕ ಕೂಡಿದವು. ಆದರೆ ಪರದೆಯಲ್ಲಿ ಪದ ಹುಡುಕುವಾಗ ಗಲಿಬಿಲಿಯಾದರು, ಬಿಟ್ಟೆ. ಕೊನೆಗೆ ಹೊಳೆದದ್ದು, ಬಾಲಕ್ಕೆ ಬಾಲ ಕಟ್ಟುವುದು. ಅಡ್ಡ ಬರುವ 'ಮಾಸ್ಟರ್' ಮತ್ತು ಮೇಲಿನಿಂದ ಇಳಿಯುವ 'ಸಾರ್ಟರ್' ಒಂದೇ 'ರ್' ಚೌಕದಲ್ಲಿ ಮುಗಿಯುತ್ತವೆ. 'ಲೇಔಟ್' ಮತ್ತು 'ಟೆಂಪ್ಲೇಟ್' ಒಂದೇ 'ಟ್' ಚೌಕದಲ್ಲಿ. ಇದನ್ನು ಬೇರೆ ಯಾರೂ ಮಾಡಿದ್ದನ್ನು ನಾನಂತೂ ನೋಡಿಲ್ಲ.

ನನಗೆ ತುಂಬ ಹೆಮ್ಮೆಯ ಕೂಡುವಿಕೆ ಇನ್ನೊಂದಿದೆ. ಟ್ರಾನ್ಸಿಷನ್ ಮತ್ತು ಆ್ಯನಿಮೇಷನ್. ಪವರ್‌ಪಾಯಿಂಟ್‌ನಲ್ಲಿ ಎರಡೂ ಟ್ಯಾಬ್ ಅಕ್ಕಪಕ್ಕ ಇವೆ, ಎರಡರಲ್ಲೂ ಏನೋ ಅಲುಗಾಡುತ್ತದೆ. ಪ್ರತಿ ಬ್ಯಾಚಿನಲ್ಲೂ ಇವೆರಡನ್ನು ಅದಲುಬದಲು ಮಾಡುತ್ತಿದ್ದರು. ನಾನು ಇವೆರಡನ್ನೂ 'ಷ' ಅಕ್ಷರದಲ್ಲಿ ಕೂಡಿಸಿ ಶಿಲುಬೆಯ ಹಾಗೆ ಇಟ್ಟೆ. ಅಡ್ಡ ಟ್ರಾನ್ಸಿಷನ್, ಸುಳಿವು: "ಒಂದು ಬಸ್ ಹೋಗಿ ಇನ್ನೊಂದು ಬಸ್ ಸ್ಟಾಪಿಗೆ ಬರುವ ರೀತಿ." ಉದ್ದ ಆ್ಯನಿಮೇಷನ್, ಸುಳಿವು: "ಬಸ್ಸಿನೊಳಗೆ ಒಬ್ಬೊಬ್ಬರೇ ಎದ್ದು ನಿಲ್ಲುವುದು." ಗಾರ್ಮೆಂಟ್ಸ್‌ನ ಒಬ್ಬ ಹುಡುಗಿ ಪೆನ್ಸಿಲ್ ಬಾಯಲ್ಲಿಟ್ಟುಕೊಂಡು ಐದು ನಿಮಿಷ ನೋಡಿದಳು. "ಸಾರ್, ಸ್ಲೈಡೇ ಬಸ್ಸು, ಒಳಗಿರೋ ಚಿತ್ರ ಪ್ಯಾಸೆಂಜರು" ಅಂದಳು. ಆಮೇಲೆ ಆ ಬ್ಯಾಚಿನಲ್ಲಿ ಯಾರೂ ತಪ್ಪಲಿಲ್ಲ.

ಸುಳಿವು ನಮ್ಮ ಊರಿನದೇ ಆಗಿರಬೇಕು ಎನ್ನುವುದು ಆಗ ಖಾತ್ರಿಯಾಯಿತು. ಪ್ಲೇಸ್‌ಹೋಲ್ಡರ್‌ಗೆ: "ಬಿಎಂಟಿಸಿ ಸೀಟಿಗೆ ಕಿಟಕಿಯಿಂದ ಹಾಕಿದ ಕರ್ಚೀಫು, ಐದು ಚೌಕ." ಅಲ್ಲಿ ಏನೋ ಬಂದು ಕೂರುತ್ತದೆ, ಅಲ್ಲಿಯವರೆಗೆ ಜಾಗ ಹಿಡಿದಿದೆ. ಇದಕ್ಕಿಂತ ಒಳ್ಳೆಯ ವಿವರಣೆ ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ('ಸ್‌ಹೋ' ಒಂದೇ ಚೌಕವೋ ಎರಡೋ ಎಂದು ಜಗಳವೇ ಆಯಿತು. ಎರಡು ಪದ ಸೇರಿರುವುದರಿಂದ 'ಸ್' ಬೇರೆ ಚೌಕ ಎಂದು ತೀರ್ಮಾನ ಮಾಡಿದೆವು.) 'ಸ್ಲೈಡ್' ಪದಕ್ಕೆ ಮಾತ್ರ ನಾನು ಸುಳಿವು ಬರೆಯಬೇಕಾಗಲಿಲ್ಲ. ಹಿಂದೆ ಫೋಟೋ ಸ್ಟುಡಿಯೋದಲ್ಲಿದ್ದ ಒಬ್ಬರು ಕ್ಲಾಸಿಗೆ ಬರುತ್ತಿದ್ದರು. ಟಾಕೀಸಿನಲ್ಲಿ ಪಿಕ್ಚರ್ ಶುರುವಾಗುವ ಮುಂಚೆ ಅಂಗಡಿಗಳ ಜಾಹೀರಾತಿಗೆ ಸ್ಲೈಡ್ ಹಾಕುತ್ತಿದ್ದುದನ್ನು ಅವರೇ ಎಲ್ಲರಿಗೂ ಹೇಳಿದರು.

ಇಷ್ಟಾದರೂ ಮೊದಲ ಎರಡು ಬ್ಯಾಚಿನಲ್ಲಿ ಫಲಿತಾಂಶ ಅರ್ಧಂಬರ್ಧ. ಪದಬಂಧ ಪೂರ್ತಿ ತುಂಬುತ್ತಾರೆ, ಕಂಪ್ಯೂಟರ್ ಮುಂದೆ ಕೂತರೆ ಮತ್ತೆ ಹಳೇ ಕಥೆ. ಚೌಕದಲ್ಲಿ ಕನ್ನಡ, ಪರದೆಯಲ್ಲಿ ಇಂಗ್ಲಿಷ್, ಮಧ್ಯೆ ಸೇತುವೆ ಇರಲಿಲ್ಲ. ಅದಕ್ಕೆ ಪ್ರತಿ ಸುಳಿವಿನ ಪಕ್ಕ ಒಂದು ಖಾಲಿ ಗೆರೆ ಹಾಕಿದೆ. ಉತ್ತರ ಬರೆದ ಮೇಲೆ ಎದ್ದು ಹೋಗಿ, ಆ ಪದವನ್ನು ಪರದೆಯಲ್ಲಿ ಹುಡುಕಿ, ಅಲ್ಲಿರುವ ಸ್ಪೆಲಿಂಗ್ ನೋಡಿ ಗೆರೆ ಮೇಲೆ ಬರೆಯಬೇಕು. ಗೆರೆ ಖಾಲಿ ಇದ್ದರೆ ಚೌಕಕ್ಕೆ ಅಂಕ ಇಲ್ಲ. ಪರೀಕ್ಷೆಯ ಫಲಿತಾಂಶ ಬದಲಾಗಿದ್ದು ಆ ಬ್ಯಾಚಿನಿಂದಲೇ. ಮೊದಲ ದಿನ ಯಾವ ಐದು ಪದ ಕೊಡುತ್ತೇನೆ, ಒಂದು ಕಂಪ್ಯೂಟರಿಗೆ ಮೂವರನ್ನು ಹೇಗೆ ಹಂಚುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಎರಡು ವರ್ಷ ಹೋಗಿದೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಚರಿತ್ರೆಯ ಪದಬಂಧ ಮಾಡಿದೆ: 1987ರಲ್ಲಿ ಪವರ್‌ಪಾಯಿಂಟ್ ಮೊದಲು ಬಂದದ್ದು ಯಾವ ಕಂಪ್ಯೂಟರಿಗೆ (ಮ್ಯಾಕಿಂಟೋಷ್), ಅದಕ್ಕೆ ಮುಂಚೆ ಇಟ್ಟಿದ್ದ ಹೆಸರೇನು (ಪ್ರೆಸೆಂಟರ್). ಯಾರಿಗೂ ಬರಲಿಲ್ಲ, ಯಾರಿಗೂ ಬೇಕೂ ಇರಲಿಲ್ಲ. ಕೀಲಿಮಣೆಯ ಪದಬಂಧ ಚೆನ್ನಾಗಿ ನಡೆಯಿತು: "ಶೋ ನಡೆಯುವಾಗ ಈ ಅಕ್ಷರ ಒತ್ತಿದರೆ ಕರೆಂಟ್ ಹೋದ ಹಾಗೆ ಪರದೆ ಕಪ್ಪು." ಉತ್ತರ 'ಬಿ'. ಎಲ್ಲರೂ ಒತ್ತಿ ಒತ್ತಿ ನೋಡಿದರು, ಇವತ್ತಿಗೂ ಮರೆತಿಲ್ಲ.

ಲೈಸೆನ್ಸ್ ಖರ್ಚು ಉಳಿಸಲು ಎರಡು ಕಂಪ್ಯೂಟರಿಗೆ ಲಿಬ್ರೆ ಆಫೀಸ್ ಹಾಕಿದ್ದೇನೆ. ಅಲ್ಲಿ ಹೊಸ ತೊಡಕು. ಪವರ್‌ಪಾಯಿಂಟ್‌ನಲ್ಲಿ 'ಸ್ಲೈಡ್ ಮಾಸ್ಟರ್' ಎಂದಿರುವುದು ಲಿಬ್ರೆ ಆಫೀಸಿನ ಸ್ಲೈಡ್ ಸಾಫ್ಟ್‌ವೇರ್ ಇಂಪ್ರೆಸ್‌ನಲ್ಲಿ 'ಮಾಸ್ಟರ್ ಸ್ಲೈಡ್'. ಪದಬಂಧದಲ್ಲಿ 'ರ್' ಬಾಲ ಹೋಗಿ 'ಡ್' ಬಾಲ ಬರುತ್ತದೆ, ಇಡೀ ಮೂಲೆ ಮತ್ತೆ ಕಟ್ಟಬೇಕು. ಸದ್ಯಕ್ಕೆ ಆ ಎರಡು ಕಂಪ್ಯೂಟರಿನವರಿಗೆ ಬೇರೆ ಹಾಳೆ ಕೊಡುತ್ತಿದ್ದೇನೆ, ಹಾಳೆಯ ತುದಿಗೆ ಹಸಿರು ಗೆರೆ ಎಳೆದು. ಯುಗಾದಿ ಹೊತ್ತಿಗೆ ಎರಡಕ್ಕೂ ಹೊಂದುವ ಒಂದೇ ಚೌಕ ಕೂಡಿಸಬೇಕು. 'ಡ್' ಬಾಲದ ಪದ ಈಗ ಮೂರು ಸಿಕ್ಕಿವೆ: ಸ್ಲೈಡ್, ಫೇಡ್, ಗ್ರಿಡ್.