ದಾನಿಗಳ ದುಡ್ಡಿನಲ್ಲಿ ಸಂಗೀತದ ಓದು: ಅರ್ಜಿ ಹಾಕುವುದು ಹೀಗೆ

ಸಂಗೀತದಲ್ಲಿ ಎಂ.ಎ. ಸೇರಿದವರಿಗೆ ಸ್ಕಾಲರ್‌ಶಿಪ್ ಎಂದೊಡನೆ ನೆನಪಾಗುವುದು ಸರ್ಕಾರ. ಕೇಂದ್ರ ಸಂಸ್ಕೃತಿ ಸಚಿವಾಲಯ ಯುವ ಕಲಾವಿದರಿಗೆ ಕೊಡುವ ವಿದ್ಯಾರ್ಥಿವೇತನ (18ರಿಂದ 25ರ ವಯಸ್ಸು, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ) ಒಳ್ಳೆಯದೇ, ಅದಕ್ಕೂ ಹಾಕಿ. ಆದರೆ ಅಭಿಮಾನಿಗಳು, ಉದ್ಯಮಿಗಳು ಇಟ್ಟುಹೋದ ದತ್ತಿ ಹಣವೂ ಇದೆ. ಅದರ ಲೆಕ್ಕಾಚಾರ ಬೇರೆ. ಸರ್ಕಾರದ್ದು ನಿಯಮದ ಮೇಲೆ ನಡೆದರೆ, ದತ್ತಿ ನಡೆಯುವುದು ಕೊಟ್ಟವರ ಇಷ್ಟದ ಮೇಲೆ. ಆ ಇಷ್ಟವೇನೆಂದು ತಿಳಿಯದೆ ಅರ್ಜಿಗೆ ಕೈ ಹಾಕಬೇಡಿ.

ಮೊದಲು ನಿಮ್ಮ ವಿಶ್ವವಿದ್ಯಾಲಯದಲ್ಲೇ ಕೇಳಿ

ಕುಲಸಚಿವರ ಕಚೇರಿಯಲ್ಲಿ ದತ್ತಿಗಳ ಪಟ್ಟಿ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಮೂಲಧನ ಬ್ಯಾಂಕಿನಲ್ಲಿ ಇರುತ್ತದೆ, ವಿದ್ಯಾರ್ಥಿಗೆ ಸಿಗುವುದು ಬಡ್ಡಿ ಮಾತ್ರ. ಎರಡು ಲಕ್ಷದ ಠೇವಣಿಗೆ ಶೇ 7ರ ಬಡ್ಡಿ ಎಂದರೆ ವರ್ಷಕ್ಕೆ 14,000 ರೂಪಾಯಿ. ಶುಲ್ಕಕ್ಕಾದೀತು, ಹಾಸ್ಟೆಲಿಗೆ ಸಾಲದು. 'ವೀಣೆ ಕಲಿಯುವ ವಿದ್ಯಾರ್ಥಿನಿಗೆ', 'ಇಂಥ ಜಿಲ್ಲೆಯವರಿಗೆ' ಎಂಬ ಷರತ್ತುಗಳನ್ನು ನೋಡಿ ಹಿಂದೆ ಸರಿಯಬೇಡಿ. ಷರತ್ತು ಬಿಗಿಯಾದಷ್ಟೂ ಪೈಪೋಟಿ ಕಡಿಮೆ.

ಹೊರಗಿನ ಟ್ರಸ್ಟ್‌ಗಳಲ್ಲಿ ದಾನಿಯ ಹಿನ್ನೆಲೆ ಓದಿ

ಕಲ್ಕತ್ತದಲ್ಲಿ ವ್ಯಾಪಾರ ಮಾಡಿದ ಚಾರ್ಲ್ಸ್ ವ್ಯಾಲೇಸ್ 1916ರಲ್ಲಿ ತೀರಿಕೊಂಡಾಗ ಆಸ್ತಿಯ ಪಾಲೊಂದನ್ನು ಬ್ರಿಟನ್ ಮತ್ತು ಬ್ರಿಟಿಷ್ ಇಂಡಿಯಾದ ಖಜಾನೆಗಳಿಗೆ ಬಿಟ್ಟುಹೋದ. ಆ ಹಣದಿಂದಲೇ 1981ರಲ್ಲಿ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ಹುಟ್ಟಿತು. ಕಲೆ, ಪರಂಪರೆ, ಮಾನವಿಕ ವಿಷಯಗಳ ಭಾರತೀಯರಿಗೆ ಅದು ನೆರವಾಗುತ್ತದೆ, ಆದರೆ ಕೆಲಸ ಬ್ರಿಟನ್‌ನಲ್ಲಿ ನಡೆಯಬೇಕು. ಇನ್ಲಾಕ್ಸ್ ಶಿವದಾಸಾನಿ ಪ್ರತಿಷ್ಠಾನದ ವಿದೇಶ ವ್ಯಾಸಂಗದ ವಿದ್ಯಾರ್ಥಿವೇತನ ಇನ್ನೊಂದು ರೀತಿ: ವಿದೇಶದ ವಿಶ್ವವಿದ್ಯಾಲಯದ ಪ್ರವೇಶಪತ್ರ ಕೈಯಲ್ಲಿದ್ದರೆ ಮಾತ್ರ ಮಾತು. 1892ರಷ್ಟು ಹಳೆಯದಾದ ಜೆ.ಎನ್. ಟಾಟಾ ಎಂಡೋಮೆಂಟ್ ಕೊಡುವುದು ಸಾಲ-ವಿದ್ಯಾರ್ಥಿವೇತನ, ಅಂದರೆ ಹಿಂದಿರುಗಿಸಬೇಕಾದ ದುಡ್ಡು. ಹೆಸರು ನೋಡಿ ಮೋಸಹೋಗಬೇಡಿ.

ಅಮೆರಿಕದ ಕೆಲವು ಶಾಲೆಗಳಲ್ಲಿ ಸ್ಕಾಲರ್‌ಶಿಪ್‌ಗೆಂದು ಬೇರೆ ಅರ್ಜಿಯ ಗೊಡವೆಯೇ ಇಲ್ಲ. ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆ 1928ರಿಂದ ಯಾರ ಬಳಿಯೂ ಬೋಧನಾ ಶುಲ್ಕ ತೆಗೆದುಕೊಂಡಿಲ್ಲ. ಯೇಲ್ ಸಂಗೀತ ಶಾಲೆ 2005ರಲ್ಲಿ 10 ಕೋಟಿ ಡಾಲರ್ ದಾನ ಬಂದ ಮೇಲೆ ಅದೇ ದಾರಿ ಹಿಡಿಯಿತು. ಅಲ್ಲಿ ಆಡಿಷನ್ನೇ ಅರ್ಜಿ. ಆದರೆ ಇವು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮನೆಗಳು. ಹಿಂದುಸ್ತಾನಿ ಗಾಯನದ ಖಯಾಲ್ ಶೈಲಿಯಲ್ಲಿ ಹಾಡುವವರು ಕೋಲ್ಕತ್ತದ ಐಟಿಸಿ ಸಂಗೀತ ರಿಸರ್ಚ್ ಅಕಾಡೆಮಿಯ ಕಡೆ ನೋಡಲಿ. ಪದವಿಯ ಮಾತಿಲ್ಲ, ಗುರುಗಳ ಜೊತೆ ಆವರಣದಲ್ಲೇ ವಾಸ, ಖರ್ಚು ಕಂಪನಿಯ ಟ್ರಸ್ಟಿನದು.

ರೆಕಾರ್ಡಿಂಗ್

ಆಯ್ಕೆಯಲ್ಲಿ ಮುಕ್ಕಾಲು ಪಾಲು ತೀರ್ಮಾನ ಇಲ್ಲೇ ಆಗುತ್ತದೆ ಎಂಬುದು ನನ್ನ ಅಂದಾಜು. ಫ್ಯಾನ್ ನಿಲ್ಲಿಸಿ. ಫೋನನ್ನು ಎದೆಯ ಮಟ್ಟದಲ್ಲಿ, ಮೂರು-ನಾಲ್ಕು ಅಡಿ ದೂರದಲ್ಲಿ ಸ್ಟ್ಯಾಂಡಿಗೆ ಕೂರಿಸಿ. ಎಲೆಕ್ಟ್ರಾನಿಕ್ ತಂಬೂರಿ ನಿಮ್ಮ ಹಿಂದಿರಲಿ. ಫೋನಿನ ಪಕ್ಕದಲ್ಲಿಟ್ಟರೆ ಶ್ರುತಿಯೇ ಮುಂದಾಗಿ ಕಂಠ ಹಿಂದೆ ಸರಿಯುತ್ತದೆ. ಎಕೋ, ರಿವರ್ಬ್ ಎಂಬ ಕೃತಕ ಪ್ರತಿಧ್ವನಿ ಹಾಕಲೇಬೇಡಿ, ಕೇಳುವವರಿಗೆ ಕೂಡಲೇ ಅನುಮಾನ ಬರುತ್ತದೆ.

ಅರ್ಜಿಯಲ್ಲಿ ಹತ್ತು ನಿಮಿಷದ ರೆಕಾರ್ಡಿಂಗ್ ಕೇಳಿದ್ದರೆ ಅಪರೂಪದ ರಾಗ ಹುಡುಕಿ ಹೋಗದೆ, ವರ್ಷಗಟ್ಟಲೆ ಹಾಡಿದ ಯಮನ್ ಅಥವಾ ಭೀಮಪಲಾಸ್ ಹಾಡಿ. ವಿಲಂಬಿತ್ (ನಿಧಾನಗತಿಯ) ಏಕತಾಳದ ಒಂದು ಆವರ್ತನವೇ, ಅಂದರೆ ತಾಳದ ಒಂದು ಸುತ್ತೇ, ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಹಾಗಾಗಿ ಉದ್ದದ ಆಲಾಪ ಬಿಟ್ಟು ಬೇಗ ತಾಳಕ್ಕೆ ಕೂರಿಸಿದ ರಚನೆಯಾದ ಬಂದಿಶ್‌ಗೆ ಬನ್ನಿ, ಕೊನೆಯ ಮೂರು ನಿಮಿಷ ವೇಗದ ಭಾಗವಾದ ದ್ರುತ್‌ಗೆ ಉಳಿಸಿ. ಕರ್ನಾಟಕ ಸಂಗೀತದವರು ಒಂದೇ ಕೃತಿ ತೆಗೆದುಕೊಂಡು ನೆರವಲ್ (ಒಂದು ಸಾಲಿನ ವಿಸ್ತಾರ), ಕಲ್ಪನಾಸ್ವರ (ಸ್ಥಳದಲ್ಲೇ ಹೆಣೆಯುವ ಸ್ವರಗಳು) ಮಾಡುವುದು ಮೂರು ಕೃತಿಗಳನ್ನು ಓಡಿಸುವುದಕ್ಕಿಂತ ಮೇಲು. ಕತ್ತರಿಸಿ ಅಂಟಿಸಬೇಡಿ. ಲಿಂಕ್ ಕಳಿಸುವ ಮುಂಚೆ ಬೇರೆಯವರ ಫೋನಿನಲ್ಲಿ ತೆರೆದು ನೋಡಿ. 'ಅನುಮತಿ ಬೇಕು' ಎಂದು ಬಂದರೆ ನಿಮ್ಮ ಹಾಡು ಯಾರ ಕಿವಿಗೂ ಬೀಳುವುದಿಲ್ಲ.

ಶಿಫಾರಸು ಪತ್ರ

ನಮ್ಮ ಗುರುಗಳು ಬರೆಯುವುದು ಬಹುಪಾಲು ಆಶೀರ್ವಾದ ಪತ್ರ: ವಿನಯವಂತ, ಪ್ರತಿಭಾವಂತ, ಉಜ್ವಲ ಭವಿಷ್ಯವಿದೆ. ಆಯ್ಕೆ ಸಮಿತಿಗೆ ಇದರಿಂದ ಏನೂ ತಿಳಿಯದು. ಯಾವ ವರ್ಷದಿಂದ ಪಾಠ, ಯಾವ್ಯಾವ ರಾಗ ಆಗಿವೆ, ಎಲ್ಲೆಲ್ಲಿ ಕಛೇರಿ, ಈಗ ಯಾವುದರಲ್ಲಿ ತಡವರಿಕೆ ಎಂದು ಒಂದು ಪುಟ ಬರೆದು ಅವರ ಕೈಗೆ ಕೊಡಿ. ಸಂಕೋಚ ಬೇಡ, ಅವರಿಗೂ ಅನುಕೂಲ.

ಫೆಲೋಶಿಪ್ ಆದರೆ ಖರ್ಚಿನ ಪಟ್ಟಿಯೂ ಬೇಕು. ತಬಲಾ ಸಾಥಿಯ ಸಂಭಾವನೆ, ವಾದ್ಯದ ರಿಪೇರಿ, ಗುರುಗಳ ಊರಿಗೆ ಓಡಾಟ, ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಯಿರಿ. 'ಇತರೆ' ಎಂಬ ಸಾಲು ದೊಡ್ಡದಾದರೆ ಪ್ರಶ್ನೆ ಬರುತ್ತದೆ. ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಮೊದಲೇ ಸಿದ್ಧವಿರಲಿ.

ಹಣ ಬಂದ ಮೇಲೆ

ದಾನಿಗೋ ಅವರ ಮನೆಯವರಿಗೋ ವರ್ಷಕ್ಕೊಂದು ಪತ್ರ ಬರೆಯಿರಿ. ಹೊಗಳಿಕೆ ಬೇಕಿಲ್ಲ. ಈ ವರ್ಷ ಕಲಿತ ರಾಗಗಳು, ಹಾಡಿದ ಕಛೇರಿಗಳು, ಒಂದು ಹೊಸ ರೆಕಾರ್ಡಿಂಗ್ ಇದ್ದರೆ ಸಾಕು. ಆ ಪತ್ರದ ಒಂದು ನಕಲನ್ನು ಸಂಸ್ಥೆಗೂ ಕಳಿಸಿ, ಎಷ್ಟೋ ಕಡೆ ಎರಡನೇ ಕಂತು ಬಿಡುಗಡೆಯಾಗುವುದು ಇಂಥ ವರದಿ ಕೈಸೇರಿದ ಬಳಿಕವೇ.