ಮಕ್ಕಳ ಜೊತೆ ಏಷ್ಯಾಕ್ಕೆ: ಉದ್ದದ ಲೇಓವರ್ ಕಳೆಯುವುದು ಹೇಗೆ?

ಅಮೆರಿಕ ಅಥವಾ ಯುರೋಪಿನಿಂದ ಏಷ್ಯಾಕ್ಕೆ ಟಿಕೆಟ್ ಹುಡುಕಿ ನೋಡಿ. ಕೈಗೆಟುಕುವ ದರದ ಟಿಕೆಟ್‌ಗಳಲ್ಲಿ ಎಷ್ಟೋ ಸಲ ಒಂದು ಉದ್ದದ ಲೇಓವರ್, ಅಂದರೆ ಮಧ್ಯದ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕಾಗಿ ಕಾಯುವ ಹೊತ್ತು, ಸೇರಿಯೇ ಇರುತ್ತದೆ. ದೋಹಾದಲ್ಲಿ 7 ಗಂಟೆ, ಸಿಂಗಪುರದಲ್ಲಿ 10, ಇಸ್ತಾಂಬುಲ್‌ನಲ್ಲಿ 14. ಒಬ್ಬರೇ ಆದರೆ ಕುರ್ಚಿಗೆ ಒರಗಿ ಹೇಗೋ ಕಳೆದುಬಿಡಬಹುದು. ಜೊತೆಗೆ ನಾಲ್ಕು ವರ್ಷದ ಮಗು, ಮಂಡಿನೋವಿನ ಅಜ್ಜಿ ಇದ್ದರೆ ಹಾಗಾಗುವುದಿಲ್ಲ, ಅಲ್ವಾ? ಆದರೂ ಮಕ್ಕಳಿರುವ ಕುಟುಂಬಕ್ಕೆ ನಾನು ಹೇಳುವುದು ಇಷ್ಟೇ: ಒಂದೂಕಾಲು ಗಂಟೆಯಲ್ಲಿ ಗೇಟಿನಿಂದ ಗೇಟಿಗೆ ಓಡಬೇಕಾದ ಕನೆಕ್ಷನ್‌ಗಿಂತ ಏಳೆಂಟು ಗಂಟೆಯ ಲೇಓವರ್ ಎಷ್ಟೋ ವಾಸಿ. ಮೊದಲೇ ಯೋಚಿಸಿಕೊಂಡರೆ ಅದೂ ಪ್ರವಾಸದ ಒಂದು ಒಳ್ಳೆಯ ದಿನವಾಗುತ್ತದೆ.

1. ಟಿಕೆಟ್ ಕೊಳ್ಳುವಾಗಲೇ ಲೇಓವರ್ ಆರಿಸಿ

ಇಡೀ ಪ್ರಯಾಣ ಒಂದೇ ಬುಕಿಂಗ್‌ನಲ್ಲಿ ಇರಲಿ. ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ, ಬೇರೆ ವಿಮಾನಕ್ಕೆ ಹತ್ತಿಸುವ ಹೊಣೆ ಆಗ ಕಂಪನಿಯದ್ದು. ಎರಡು ಬೇರೆ ಬೇರೆ ಟಿಕೆಟ್ ಕೊಂಡರೆ ಸ್ವಲ್ಪ ಹಣ ಉಳಿಯಬಹುದು. ಆದರೆ ತಪ್ಪಿದ ವಿಮಾನದ ನಷ್ಟವೆಲ್ಲ ನಿಮ್ಮದೇ. ಮಕ್ಕಳನ್ನು ಕಟ್ಟಿಕೊಂಡು ಆ ಉಳಿತಾಯಕ್ಕೆ ಆಸೆಪಡಬೇಡಿ.

ಅಂತರರಾಷ್ಟ್ರೀಯ ಟಿಕೆಟ್‌ನಲ್ಲಿ ಸಾಮಾನ್ಯವಾಗಿ 24 ಗಂಟೆಯೊಳಗಿನ ನಿಲುಗಡೆಯನ್ನು ಕನೆಕ್ಷನ್ ಎಂದೂ ಅದಕ್ಕಿಂತ ಜಾಸ್ತಿ ಆದರೆ ಸ್ಟಾಪ್‌ಓವರ್ ಎಂದೂ ಲೆಕ್ಕ ಹಾಕುತ್ತಾರೆ. ಕನೆಕ್ಷನ್ ಆದರೆ ದೊಡ್ಡ ಬ್ಯಾಗ್‌ಗಳು ಹೆಚ್ಚಾಗಿ ನೇರವಾಗಿ ಕೊನೆಯ ಊರಿಗೇ ಹೋಗುತ್ತವೆ. ಚೆಕ್-ಇನ್ ಕೌಂಟರ್‌ನಲ್ಲಿ ಬ್ಯಾಗಿನ ಚೀಟಿ ನೋಡಿಕೊಳ್ಳಿ. ಅದರ ಮೇಲೆ ಕೊನೆಯ ವಿಮಾನ ನಿಲ್ದಾಣದ ಮೂರಕ್ಷರದ ಕೋಡ್ ಇರಬೇಕು. ಇಲ್ಲದಿದ್ದರೆ ಅಲ್ಲೇ ಕೇಳಿ.

ಎಷ್ಟು ಗಂಟೆ ಎನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎನ್ನುವುದು ಮುಖ್ಯ. ಬೆಳಿಗ್ಗೆ ಇಳಿದರೆ ಊರು ನೋಡಬಹುದು. ರಾತ್ರಿ ಒಂದಕ್ಕೆ ಇಳಿದರೆ ಹಾಸಿಗೆ ಬೇಕು. ಸಿಂಗಪುರದ ಚಾಂಗಿ, ದೋಹಾದ ಹಮದ್, ದಕ್ಷಿಣ ಕೊರಿಯದ ಸಿಯೋಲ್ ಬಳಿಯ ಇಂಚಾನ್, ಇಸ್ತಾಂಬುಲ್ ನಿಲ್ದಾಣಗಳಲ್ಲಿ ಟ್ರಾನ್ಸಿಟ್ ಜಾಗದ ಒಳಗೇ ಹೋಟೆಲ್ ಇದೆ. ಇಮಿಗ್ರೇಷನ್ ದಾಟುವ ಗೋಜಿಲ್ಲ. ಕೆಲವು ಕಡೆ ಗಂಟೆಗಳ ಲೆಕ್ಕದಲ್ಲೂ ಕೋಣೆ ಸಿಗುತ್ತದೆ. ಆದರೆ ದೊಡ್ಡ ಬ್ಯಾಗ್ ನಿಮ್ಮ ಕೈಗೆ ಸಿಗುವುದಿಲ್ಲ. ಎಲ್ಲರಿಗೂ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

2. ಹೊರಗೆ ಕಾಲಿಡಲು ಅನುಮತಿ ಇದೆಯೇ?

ಇದನ್ನು ಮನೆಯಲ್ಲೇ ಖಚಿತ ಮಾಡಿಕೊಳ್ಳಿ. ವೀಸಾ ಬೇಕೋ ಬೇಡವೋ ಎನ್ನುವುದು ಪಾಸ್‌ಪೋರ್ಟ್ ಮೇಲೆ ನಿಂತಿದೆ. ಒಂದೇ ಮನೆಯಲ್ಲಿ ಎರಡು ದೇಶದ ಪಾಸ್‌ಪೋರ್ಟ್ ಇರುವುದು ಈಗ ಮಾಮೂಲು. ಮಕ್ಕಳು ಸಲೀಸಾಗಿ ಹೊರಗೆ ಹೋಗಬಹುದು, ಅಮ್ಮನಿಗೆ ವೀಸಾ ಬೇಕು ಎಂದಾಗಬಹುದು. ಹಾಗಾಗಿ ಒಬ್ಬೊಬ್ಬರ ಹೆಸರು ಬರೆದು ಒಂದೊಂದಾಗಿ ನೋಡಿ. ಉದಾಹರಣೆಗೆ, ಚೀನಾ 2024ರ ಡಿಸೆಂಬರ್‌ನಲ್ಲಿ ವೀಸಾ ಇಲ್ಲದ ಟ್ರಾನ್ಸಿಟ್ ಅವಧಿಯನ್ನು 240 ಗಂಟೆಗೆ ಏರಿಸಿತು. ಆದರೆ ಅದು ಪಟ್ಟಿಯಲ್ಲಿರುವ ದೇಶಗಳವರಿಗೆ ಮಾತ್ರ. ಅಲ್ಲಿಂದ ಮೂರನೆಯ ದೇಶಕ್ಕೆ ಹೋಗುವ ಟಿಕೆಟ್ ಕೂಡ ಇರಬೇಕು. ಬಂದ ದೇಶಕ್ಕೇ ವಾಪಸ್ ಹೋಗುವವರಿಗೆ ಇದು ನಡೆಯುವುದಿಲ್ಲ.

ಚಾಂಗಿಯ ಜ್ಯುವೆಲ್ ವಿಷಯದಲ್ಲೂ ತುಂಬಾ ಜನ ಗೊಂದಲಕ್ಕೆ ಬೀಳುತ್ತಾರೆ. 2019ರಲ್ಲಿ ತೆರೆದ ಆ ಗಾಜಿನ ಕಟ್ಟಡದಲ್ಲಿ 40 ಮೀಟರ್ ಎತ್ತರದಿಂದ ನೀರು ಧುಮುಕುತ್ತದೆ. ಅದರ ಒಳಗೆ ಹೋಗಿ ನೋಡಬೇಕೆಂದರೆ ಇಮಿಗ್ರೇಷನ್ ದಾಟಲೇಬೇಕು. ದಾಟಲು ಆಗದಿದ್ದರೆ ಬೇಜಾರು ಬೇಡ. ಮೂರನೇ ಟರ್ಮಿನಲ್‌ನ ಚಿಟ್ಟೆ ತೋಟ ಟ್ರಾನ್ಸಿಟ್ ಒಳಗೇ ಇದೆ, ಮಕ್ಕಳಿಗೆ ಅದೇ ಜಾಸ್ತಿ ಇಷ್ಟವಾಗುತ್ತದೆ.

3. ಗಂಟೆಗಳ ಲೆಕ್ಕ ಹಾಕಿ

8 ಗಂಟೆಯ ಲೇಓವರ್ ಎಂದರೆ ಸುತ್ತಲು 8 ಗಂಟೆ ಸಿಗುವುದಿಲ್ಲ. ವಿಮಾನದಿಂದ ಇಳಿದು, ಸಾಲಲ್ಲಿ ನಿಂತು ಹೊರಗೆ ಬರಲು ಒಂದು ಗಂಟೆ ಕಳೆಯಿರಿ. ವಿಮಾನ ಹೊರಡುವ ಮೂರು ಗಂಟೆ ಮುಂಚೆ ವಾಪಸ್ ಬಂದಿರಬೇಕು. ಉಳಿದದ್ದು 4. ಹೋಗಿಬರಲು ಒಂದೂವರೆ ಗಂಟೆ ಹಿಡಿದರೆ ಕೈಯಲ್ಲಿ ಎರಡೂವರೆ. ಅಷ್ಟಕ್ಕೆ ಒಂದೇ ಜಾಗ ಸಾಕು. ಆರು ಗಂಟೆಗಿಂತ ಕಡಿಮೆ ಇದ್ದರೆ ಸುಮ್ನೆ ಒಳಗೇ ಇರಿ.

ಹಾಗಾದರೆ ಎಲ್ಲಿಗೆ ಹೋಗುವುದು? ಹೆಸರುವಾಸಿ ಜಾಗಕ್ಕಿಂತ ಹತ್ತಿರದ ಜಾಗ ಆರಿಸಿ. ಜಪಾನಿನ ನರಿಟಾ ನಿಲ್ದಾಣದಲ್ಲಿ ಇಳಿದವರು ಟೋಕಿಯೋ ನೋಡಲು ಓಡುತ್ತಾರೆ. ಅದು 60 ಕಿಲೋಮೀಟರ್ ದೂರ. ಅದೇ ನರಿಟಾ ಊರು ರೈಲಿನಲ್ಲಿ ಹತ್ತು ನಿಮಿಷ. ಅಲ್ಲಿ 940ರಲ್ಲಿ ಸ್ಥಾಪನೆಯಾದ ನರಿಟಾಸನ್ ಶಿನ್ಶೋಜಿ ದೇವಾಲಯವಿದೆ. ಹಿಂದೆ ದೊಡ್ಡ ತೋಟ, ಮುಂದೆ ಹಳೆಯ ಅಂಗಡಿಗಳ ಬೀದಿ. ಮಕ್ಕಳು ಮನಸೋ ಇಚ್ಛೆ ಓಡಾಡಲು ಟೋಕಿಯೋದ ಗದ್ದಲಕ್ಕಿಂತ ಇದು ಚೆಂದ. ಹಾಂಗ್‌ಕಾಂಗ್ ಆದರೆ ನಿಲ್ದಾಣದ ಪಕ್ಕದ ಲಾಂಟಾವ್ ದ್ವೀಪದಲ್ಲೇ 34 ಮೀಟರ್ ಎತ್ತರದ ಕಂಚಿನ ಬುದ್ಧನಿದ್ದಾನೆ. ದ್ವೀಪದ ತುಂಗ್ ಚುಂಗ್ ಊರಿನಿಂದ ಕೇಬಲ್ ಕಾರ್‌ನಲ್ಲಿ ಸುಮಾರು 25 ನಿಮಿಷ. ಬುದ್ಧನ ಪಾದಕ್ಕೆ 268 ಮೆಟ್ಟಿಲು. ಅಜ್ಜಿ ಕೆಳಗೆ ಕೂತೇ ನೋಡಲಿ, ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ. ಗಾಳಿ ಜೋರಿದ್ದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ, ಹೊರಡುವ ಮುನ್ನ ವಿಚಾರಿಸಿ.

ದಾರಿ ಹುಡುಕುವ ಚಿಂತೆಯೇ ಬೇಡ ಎನ್ನುವವರಿಗೆ ಉಚಿತ ಪ್ರವಾಸಗಳಿವೆ. ಚಾಂಗಿಯಲ್ಲಿ ಐದೂವರೆ ಗಂಟೆಯಿಂದ 24 ಗಂಟೆಯೊಳಗಿನ ಲೇಓವರ್ ಇದ್ದವರನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ಟರ್ಕಿಶ್ ಏರ್‌ಲೈನ್ಸ್ ತನ್ನ ಪ್ರಯಾಣಿಕರಿಗೆ ಇಸ್ತಾಂಬುಲ್ ತೋರಿಸುತ್ತದೆ, ಅದಕ್ಕೆ ಕನಿಷ್ಠ 6 ಗಂಟೆ ಬೇಕು. ತೈವಾನ್‌ನ ತಾವೋಯುವಾನ್ ಮತ್ತು ಇಂಚಾನ್‌ನಲ್ಲೂ ಇಂಥ ವ್ಯವಸ್ಥೆ ಇದೆ. ಸೀಟು ಕಡಿಮೆ, ಬೇಗ ಹೆಸರು ಕೊಡಿ. ಆ ದೇಶದೊಳಗೆ ಹೋಗುವ ಅರ್ಹತೆ ಇದಕ್ಕೂ ಬೇಕು.

4. ಮೊದಲು ನಿದ್ದೆ, ಆಮೇಲೆ ಊರು

ಪೂರ್ವಕ್ಕೆ ಹಾರಿದಾಗ ಹೊಸ ಊರಿನ ಸಮಯಕ್ಕೆ ದೇಹ ಹೊಂದಿಕೊಳ್ಳುವುದು ಹೆಚ್ಚು ಕಷ್ಟ. ಮಕ್ಕಳಿಗೆ ಅದನ್ನು ಹೇಳಲು ಬರುವುದಿಲ್ಲ, ಅಳುತ್ತಾರೆ. ಆಗ ಆಟದ ಜಾಗಕ್ಕೆ ಎಳೆದುಕೊಂಡು ಹೋಗಬೇಡಿ. ಕತ್ತಲೆ ಇರುವ ಮೂಲೆ ಹುಡುಕಿ, ಒಂದು ಹೊದಿಕೆ ಹಾಸಿ ಮಲಗಿಸಿ. ದೊಡ್ಡವರು ಸರದಿಯಲ್ಲಿ ಎಚ್ಚರ ಇರಿ. ಎದ್ದ ಮೇಲೆ ಮುಖ ತೊಳೆಸಿ, ತಿನ್ನಲು ಕೊಟ್ಟು, ಹೋಗಲಿರುವ ಊರಿನಲ್ಲಿ ಹಗಲಾಗಿದ್ದರೆ ಬಿಸಿಲು ಬೀಳುವ ಕಿಟಕಿಯ ಹತ್ತಿರ ಆಡಲು ಬಿಡಿ. ಬೆಳಕು ಸಿಕ್ಕರೆ ದೇಹ ಬೇಗ ಹೊಂದಿಕೊಳ್ಳುತ್ತದೆ.

5. ಕೈಚೀಲದಲ್ಲಿ ಏನಿರಲಿ, ಏನು ಬೇಡ

ಟ್ರಾನ್ಸಿಟ್‌ನಲ್ಲೂ ಮತ್ತೆ ತಪಾಸಣೆ ಇರುತ್ತದೆ. 100 ಮಿಲಿಲೀಟರ್ ನಿಯಮದಿಂದ ಮಗುವಿನ ಹಾಲು, ಆಹಾರಕ್ಕೆ ಸಾಮಾನ್ಯವಾಗಿ ವಿನಾಯಿತಿ ಇದೆ, ಆದರೆ ತೆಗೆದು ತೋರಿಸಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಅದನ್ನು ವಿಮಾನದಲ್ಲಿ ಬಳಸಲು ಈಗ ಏಷ್ಯಾದ ಹಲವು ಕಂಪನಿಗಳು ಬಿಡುವುದಿಲ್ಲ. ಔಷಧಿಗಳಿಗೆ ವೈದ್ಯರ ಚೀಟಿ ಇಟ್ಟುಕೊಳ್ಳಿ. ಸ್ಯೂಡೋಎಫೆಡ್ರಿನ್ ಎಂಬ ಔಷಧಿ ಅಂಶ ಜಾಸ್ತಿ ಇರುವ ಶೀತದ ಮಾತ್ರೆಗೆ ಜಪಾನಿನಲ್ಲಿ ನಿಷೇಧವಿದೆ. ಗಸಗಸೆ ಯುಎಇಯಲ್ಲಿ ನಿಷಿದ್ಧ, ಒಂದು ಚಿಕ್ಕ ಪೊಟ್ಟಣವೂ ಬೇಡ.

ಮಗುವಿನ ತಳ್ಳುಗಾಡಿಯನ್ನು ವಿಮಾನದ ಬಾಗಿಲಲ್ಲಿ ಕೊಡುವಾಗ, ಮಧ್ಯದ ನಿಲ್ದಾಣದಲ್ಲಿ ವಾಪಸ್ ಬೇಕೆಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅದು ಕೊನೆಯ ಊರಿಗೇ ಹೋಗಿಬಿಡಬಹುದು.

6. ಪಕ್ಕದವರನ್ನು ಮಾತಾಡಿಸಿ

ಉದ್ದದ ಲೇಓವರ್ ನನಗೆ ಇಷ್ಟವಾಗುವುದೇ ಇದಕ್ಕೆ. ಏಷ್ಯಾದ ಈ ನಿಲ್ದಾಣಗಳಲ್ಲಿ ರಾತ್ರಿ ಹೊತ್ತು ಕೂತರೆ ಎಷ್ಟು ಬಗೆಯ ಜನ ಕಾಣುತ್ತಾರೆ! ಕೊಲ್ಲಿ ದೇಶಗಳಲ್ಲಿ ದುಡಿದು ನೇಪಾಳಕ್ಕೆ, ಬಾಂಗ್ಲಾದೇಶಕ್ಕೆ, ಫಿಲಿಪ್ಪೀನ್ಸ್‌ಗೆ ರಜೆಯಲ್ಲಿ ಹೊರಟವರು. ಮೆಕ್ಕಾಕ್ಕೆ ಉಮ್ರಾ ಯಾತ್ರೆಗೆಂದು ಬಿಳಿ ಬಟ್ಟೆ ಉಟ್ಟ ಯಾತ್ರಿಕರ ಗುಂಪು. ಮೊದಲ ಸಲ ಮನೆ ಬಿಟ್ಟ ವಿದ್ಯಾರ್ಥಿಗಳು. ಫೋನಿನಲ್ಲಿ ಮುಖ ಹುದುಗಿಸಿದರೆ ಇವರಲ್ಲಿ ಒಬ್ಬರೂ ಸಿಗುವುದಿಲ್ಲ.

ಲೌಂಜ್‌ನ ಮೂಲೆಗಿಂತ ಮಕ್ಕಳ ಆಟದ ಜಾಗದ ಹತ್ತಿರ ಕೂರಿ. ಮಕ್ಕಳು ಭಾಷೆಗಾಗಿ ಕಾಯುವುದಿಲ್ಲ. ಅವರು ಆಡತೊಡಗಿದರೆ ಅಪ್ಪ ಅಮ್ಮಂದಿರ ಮಾತೂ ಶುರುವಾಗುತ್ತದೆ. ಕೈಚೀಲದಲ್ಲಿ ಬಣ್ಣದ ಪೆನ್ಸಿಲ್, ಖಾಲಿ ಹಾಳೆ ಇರಲಿ. ದೋಹಾದಲ್ಲಿ ನಮ್ಮ ಮಗಳು ನಿಲ್ದಾಣದಲ್ಲಿರುವ ದೊಡ್ಡ ಹಳದಿ ಕರಡಿ ಶಿಲ್ಪದ ಚಿತ್ರ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ನೇಪಾಳದ ಹೆಂಗಸೊಬ್ಬರು ಪೆನ್ಸಿಲ್ ಕೇಳಿ ತೆಗೆದುಕೊಂಡು ಕರಡಿಯ ಹಿಂದೆ ಬೆಟ್ಟಗಳನ್ನು ಬರೆದರು, ಬೆಟ್ಟದ ಬುಡದಲ್ಲಿ ಒಂದು ಮನೆ. ಅದು ಅವರ ಮನೆ. ಕೆಲಸಕ್ಕೆ ಹೊರಟಾಗ ಅವರ ಮಗ ಅಂಬೆಗಾಲಿಡುತ್ತಿದ್ದನಂತೆ, ಈಗ ಶಾಲೆಗೆ ಹೋಗುತ್ತಾನಂತೆ. ನಮ್ಮ ಅತ್ತೆ ಕನ್ನಡದಲ್ಲೇ ಮಾತಾಡಿದರು, ಆಕೆ ನೇಪಾಳಿಯಲ್ಲಿ. ಇಬ್ಬರಿಗೂ ಅರ್ಥವಾಯಿತು.

ಮಾತು ಶುರು ಮಾಡಲು ‘ಮನೆಯಲ್ಲಿ ಯಾರು ಕಾಯುತ್ತಿದ್ದಾರೆ?’ ಎನ್ನುವ ಪ್ರಶ್ನೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಸಂಬಳ, ವೀಸಾ ವಿಚಾರ ಕೇಳಬೇಡಿ. ಮಗುವಿಗೆ ತಿಂಡಿ ಕೊಡುವ ಮುಂಚೆ ಅದರ ಅಮ್ಮನನ್ನು ಕೇಳಿ, ಅಲರ್ಜಿ ಇರಬಹುದು, ತಿನ್ನದ ಪದಾರ್ಥ ಇರಬಹುದು. ಕೇಳದೆ ಫೋಟೊ ತೆಗೆಯಬೇಡಿ. ಕೊರಿಯ, ಜಪಾನಿನವರಿಗೆ ಏನಾದರೂ ಕೊಡುವಾಗ ಎರಡೂ ಕೈ ಬಳಸಿ. ಅರಬ್ಬರಿಗೆ, ಮಲೇಷ್ಯಾ, ಇಂಡೊನೇಷ್ಯಾದವರಿಗೆ ಬಲಗೈಯಲ್ಲಿ ಕೊಡಿ. ಥಾಯ್ಲೆಂಡ್‌ನ ಮಗುವಿನ ತಲೆ ಸವರುವುದು ಬೇಡ, ಅಲ್ಲಿ ಅದು ಸರಿಯಲ್ಲ.

ಗೇಟಿನ ಬೋರ್ಡ್ ಓದಲು ಬಾರದ ವಯಸ್ಸಾದವರು ಬೋರ್ಡಿಂಗ್ ಪಾಸ್ ಹಿಡಿದು ನಿಂತಿರುವುದು ಕಾಣಬಹುದು. ಹೋಗಿ ಕೇಳಿ, ಗೇಟಿನವರೆಗೆ ಬಿಟ್ಟು ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಆದರೆ ಎರಡು ವಿಷಯದಲ್ಲಿ ಗಟ್ಟಿಯಾಗಿರಿ. ಯಾರದೇ ಪೊಟ್ಟಣವನ್ನು ನಿಮ್ಮ ಬ್ಯಾಗಿಗೆ ಹಾಕಿಕೊಳ್ಳಬೇಡಿ, ಎಷ್ಟೇ ಪಾಪ ಅನಿಸಿದರೂ ಬೇಡ. ಮಗುವನ್ನು ಈಗಷ್ಟೇ ಪರಿಚಯವಾದವರ ಬಳಿ ಬಿಟ್ಟು ಹೋಗಬೇಡಿ. ಪ್ರತಿ ಮಗುವಿನ ಜೇಬಿನಲ್ಲಿ ವಿಮಾನದ ನಂಬರ್, ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ. ದಾರಿ ತಪ್ಪಿದರೆ ಎಲ್ಲರೂ ಸೇರಬೇಕಾದ ಜಾಗವನ್ನು ಇಳಿದ ಕೂಡಲೇ ಗೊತ್ತು ಮಾಡಿ. ದೋಹಾದಲ್ಲಾದರೆ ಆ ಕರಡಿಯೇ ಸರಿ, ಸುಮಾರು 7 ಮೀಟರ್ ಎತ್ತರವಿದೆ, ಮಗುವಿನ ಕಣ್ಣಿಗೂ ದೂರದಿಂದಲೇ ಬೀಳುತ್ತದೆ.

7. ಹೊರಡುವ ಹೊತ್ತು

ಬೋರ್ಡಿಂಗ್‌ಗೆ ಒಂದು ಗಂಟೆ ಮುಂಚೆ ಫೋನಿನಲ್ಲಿ ಅಲಾರಂ ಇಡಿ. ಫೋನ್ ಸ್ಥಳೀಯ ಸಮಯಕ್ಕೆ ಬದಲಾಗಿದೆಯೇ ನೋಡಿಕೊಳ್ಳಿ. ಗೇಟ್ ನಂಬರ್ ಬದಲಾಗುವುದುಂಟು, ಪಾಸ್ ಮೇಲಿನದನ್ನೇ ನಂಬದೆ ಬೋರ್ಡ್ ನೋಡಿ. ಎಲ್ಲರನ್ನೂ ಶೌಚಾಲಯಕ್ಕೆ ಕಳಿಸಿ, ನೀರಿನ ಬಾಟಲಿ ತುಂಬಿಸಿ. ಮಾತಾಡಿಸಿದವರ ನಂಬರ್ ಬೇಕೆನಿಸಿದರೆ ಈಗಲೇ ಕೇಳಿ, ಗೇಟಿನ ಸಾಲು ಶುರುವಾದ ಮೇಲೆ ಪುರಸೊತ್ತು ಸಿಗುವುದಿಲ್ಲ.